ಹಳೆ ಕಾರಿನ ಹೊಳೆಯುವ ಅಲಾಯ್: ಮಂಗಳೂರು–ಉಡುಪಿ ಕಡೆಯ ನಾಲ್ಕು ಬಗೆಯ ರಿಪೇರಿಗೆ ನಮ್ಮ ಅಂಕ

ಕರಾವಳಿಯಲ್ಲಿ ಏಳೆಂಟು ವರ್ಷ ಓಡಿದ ಕಾರಿನ ಅಲಾಯ್ ವೀಲಿನಲ್ಲಿ ಬ್ರೇಕ್ ಧೂಳಿನ ಕಲೆ, ಸಣ್ಣ ಗೀರು, ಅಂಚಿನಲ್ಲಿ ಒಂದೆರಡು ತರಚು ಇರಲೇಬೇಕು. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ಅಂಚು ಎಷ್ಟೋ ಕಡೆ ಪಕ್ಕದ ಮಣ್ಣಿಗಿಂತ ಎತ್ತರ. ಎದುರಿಗೆ ಬಸ್ಸು ಬಂತೆಂದು ಕೆಳಗಿಳಿಸಿ ಮತ್ತೆ ಹತ್ತಿಸಿದ ಕಾರಿನ ಎಡಬದಿಯ ವೀಲುಗಳು ಅದನ್ನು ಹೇಳದೆ ಬಿಡುವುದಿಲ್ಲ. ಅಂಥ ಕಾರಿನ ನಾಲ್ಕೂ ವೀಲು ಮಿಂಚುತ್ತಿದ್ದರೆ, ಮಾರಾಟಕ್ಕೆ ಮುಂಚೆ ಬಣ್ಣ ಹೊಡೆಸಿದ್ದಾರೆ ಎಂದೇ ತಿಳಿಯಿರಿ. ಹೊಡೆಸಿದ್ದರಲ್ಲಿ ತಪ್ಪೇನಿಲ್ಲ. ಹೇಗೆ ಹೊಡೆಸಿದ್ದಾರೆ ಎಂಬುದರ ಮೇಲೆ ಆ ಹೊಳಪು ಮೊದಲ ಮಳೆಗಾಲಕ್ಕೇ ಏಳುತ್ತದೋ, ವರ್ಷಗಟ್ಟಲೆ ನಿಲ್ಲುತ್ತದೋ ಗೊತ್ತಾಗುತ್ತದೆ. ವೀಲ್ ನಟ್ ಸಡಿಲವಾಗುವ ಅಪಾಯವೂ ಕೆಲವೊಮ್ಮೆ ಅಲ್ಲಿಂದಲೇ ಶುರು.

ಇಲ್ಲಿ ಅಂಗಡಿಗಳ ಹೆಸರು ಹೇಳಿಲ್ಲ. ಗಿರಾಕಿ ನೋಡಿ ಒಂದೇ ಅಂಗಡಿಯವರು ಎರಡು ಬಗೆಯ ಕೆಲಸ ಮಾಡುವುದುಂಟು. ಹಾಗಾಗಿ ಅಂಕ ಕೊಟ್ಟಿರುವುದು ಕೆಲಸದ ಬಗೆಗೆ.

ಮೊದಲು ಅಳತೆಗೋಲು. ಎದುರಿನ ಹೊಳಪನ್ನು ನಾವು ಕೊನೆಗೆ ನೋಡುತ್ತೇವೆ. ಮೊದಲು ನೋಡುವುದು ದಪ್ಪ ಬಣ್ಣ ಇರಬಾರದ ಮೂರು ಜಾಗ: ಹಬ್‌ಗೆ (ವೀಲನ್ನು ಬಿಗಿಯುವ, ಕಾರಿನ ಕಡೆಯ ತಿರುಗುವ ಭಾಗ) ಒತ್ತಿ ಕೂರುವ ಹಿಂಬದಿಯ ಮುಖ, ನಟ್ ಕೂರುವ ಗುಳಿ, ಟಯರಿನ ಬೀಡ್ (ರಿಮ್ಮಿಗೆ ಕಚ್ಚುವ ಗಟ್ಟಿ ಅಂಚು) ಕೂರುವ ಒಳ ಅಂಚು. ಕಾರ್ಖಾನೆಯಲ್ಲಿ ಇವನ್ನು ಬರಿ ಲೋಹವಾಗಿ ಬಿಡುತ್ತಾರೆ, ಇಲ್ಲವೇ ತೆಳುವಾದ ಒಂದು ಪದರ ಮಾತ್ರ ಇರುತ್ತದೆ. ರಿಪೇರಿಯವರು ಮರೆ ಹಾಕದೆ ಇಡೀ ವೀಲಿಗೆ ಹೊಡೆದರೆ ಆಗುವುದೇನು? ಪೌಡರ್ ಕೋಟಿನ (ಪುಡಿಯನ್ನು ಒವನ್ನಿನಲ್ಲಿ ಕರಗಿಸಿ ಕೂರಿಸುವ ಬಣ್ಣ) ಒಂದು ಪದರವೇ ಸುಮಾರು 60ರಿಂದ 100 ಮೈಕ್ರಾನ್. ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಮೂರೂ ಸೇರಿದರೆ 200 ಮೈಕ್ರಾನ್ ದಾಟಬಹುದು, ಅಂದರೆ 0.2 ಮಿ.ಮೀ. ಇದೇನು ಮಹಾ ಅನ್ನಿಸಬಹುದು. ಆದರೆ ಬಿಗಿದ ವೀಲ್ ಬೋಲ್ಟ್ ಹಿಗ್ಗುವುದೇ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ, ಮತ್ತು ವೀಲನ್ನು ಹಬ್‌ಗೆ ಹಿಡಿದಿಡುವುದು ಆ ಹಿಗ್ಗಿನ ಸೆಳೆತವೇ. ಬ್ರೇಕಿನ ಬಿಸಿಗೆ ನಡುವಿನ ಬಣ್ಣ ಮೆತ್ತಗಾಗಿ 0.1 ಮಿ.ಮೀ. ಕುಗ್ಗಿದರೂ ಆ ಸೆಳೆತ ಹೋಯಿತು. ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಸರಿಯಾಗಿಯೇ ಬಿಗಿದ ನಟ್ ಕೆಲವು ದಿನಕ್ಕೆ ಕೈಯಲ್ಲಿ ತಿರುಗುವುದು ಹೀಗೆ.

ಟಯರ್ ಬಿಚ್ಚದೆ ಹೊಡೆದ ಸ್ಪ್ರೇ: 5ಕ್ಕೆ 1

ಮಾರಾಟದ ಮುನ್ನಿನ ‘ಟಚಪ್’ ಎಂದರೆ ಸಾಮಾನ್ಯವಾಗಿ ಇದೇ. ವೀಲನ್ನು ತೊಳೆದು, ತರಚಿದ ಕಡೆ ಎಮ್ರಿ ಉಜ್ಜಿ, ಪುಟ್ಟಿ ಮೆತ್ತಿ, ಟಯರಿಗೆ ಟೇಪ್ ಅಂಟಿಸಿ, ಸಿಲ್ವರ್ ಕ್ಯಾನ್ ಒತ್ತುತ್ತಾರೆ. ಟಯರ್ ಮತ್ತು ರಿಮ್ ಕೂಡುವ ಸಂದಿಗೆ ಎಮ್ರಿಯೂ ಹೋಗದು, ಬಣ್ಣವೂ ಸರಿಯಾಗಿ ಹೋಗದು. ಟಯರಿಗೆ ಹಚ್ಚುವ ಪಾಲಿಶಿನ ಸಿಲಿಕೋನ್ ಅದೇ ಅಂಚಿನಲ್ಲಿ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಹಿಡಿಯದೆ ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿದು. ನೀರು ಆ ಸಂದಿಯಿಂದಲೇ ಒಳಹೊಕ್ಕು ಬಣ್ಣವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ.

ಗುರುತಿಸುವುದು ಸುಲಭ. ವಾಲ್ವಿನ ರಬ್ಬರಿನ ಮೇಲೆ ಸಿಲ್ವರ್ ಚುಕ್ಕೆ, ಬ್ಯಾಲೆನ್ಸಿಂಗ್ ತೂಕದ ಮೇಲೂ ಬಣ್ಣ, ಟಯರಿನ ಮೈಮೇಲೆ ಬಣ್ಣದ ಮಂಜು. ಟಾರ್ಚ್ ಬಿಟ್ಟು ಸ್ಪೋಕಿನ ಹಿಂದೆ ನೋಡಿ: ಮುಂದೆ ಬೆಳ್ಳಿ, ಹಿಂದೆ ವರ್ಷಗಳ ಕಪ್ಪು ಧೂಳು. ಬಾಡಿಯ ಪುಟ್ಟಿ ಹುಡುಕಲು ಬಳಸುವ ಅಯಸ್ಕಾಂತವನ್ನು ಇಲ್ಲಿಗೆ ತರಬೇಡಿ ಮಾರಾಯ್ರೆ, ಅಲ್ಯೂಮಿನಿಯಂಗೆ ಅದು ಅಂಟುವುದೇ ಇಲ್ಲ. ಅಂಚಿನ ಮೇಲೆ ಉಗುರು ಎಳೆದು ನೋಡುವುದೇ ಮೇಲು. ಪುಟ್ಟಿ ತುಂಬಿದಲ್ಲಿ ಸುತ್ತಿನ ಗೆರೆ ಸಣ್ಣಗೆ ಉಬ್ಬುತಗ್ಗಾಗಿ ಸಿಗುತ್ತದೆ.

ಟಯರ್ ಬಿಚ್ಚಿ, ಬೂತಿನಲ್ಲಿ ಪಿಯು (ಪಾಲಿಯುರೆಥೇನ್) ಪೇಂಟ್: 5ಕ್ಕೆ 3.5

ಒಳ್ಳೆಯ ಟಿಂಕರಿಂಗ್–ಪೇಂಟಿಂಗ್ ಗ್ಯಾರೇಜ್ ಮನಸ್ಸು ಮಾಡಿದರೆ ಇದು ಕರಾವಳಿಗೆ ಸಾಕಷ್ಟು ಬಾಳುವ ಕೆಲಸ. ರಿಪೇರಿಯೂ ಸುಲಭ, ಮುಂದೆ ಒಂದು ವೀಲ್ ತರಚಿದರೆ ಅದೊಂದನ್ನೇ ಸರಿ ಮಾಡಿಸಬಹುದು. ಕ್ರಮ ಹೀಗಿರಬೇಕು. ಟಯರ್, ವಾಲ್ವ್, ತೂಕ ಎಲ್ಲ ತೆಗೆದು, ತೊಳೆದು, ಗ್ರೀಸ್–ಸಿಲಿಕೋನ್ ಹೋಗುವ ದ್ರಾವಣದಲ್ಲಿ ಒರೆಸಬೇಕು. ಎದ್ದ ಹಳೆ ಬಣ್ಣವನ್ನು ಪೂರ್ತಿ ತೆಗೆಯಬೇಕು. 1 ಮಿ.ಮೀ. ಒಳಗಿನ ತರಚಿಗೆ ಪುಟ್ಟಿಯೇ ಬೇಡ: ಅರದಲ್ಲಿ ಹದ ಮಾಡಿ 80, 180, 320 ನಂಬರಿನ ಎಮ್ರಿ ಹಿಡಿದರೆ ಅಂಚು ನುಣುಪಾಗುತ್ತದೆ. ಬರಿ ಅಲ್ಯೂಮಿನಿಯಂ ಕಂಡ ಕಡೆ ಎಪಾಕ್ಸಿ ಪ್ರೈಮರ್. ಪುಟ್ಟಿ ಬೇಕೇ ಬೇಕಾದರೆ ಅದರ ಮೇಲೆ, ತೆಳುವಾಗಿ. ಆಮೇಲೆ ಸರ್ಫೇಸರ್ (ಮೇಲ್ಮೈ ಸಮಮಾಡುವ ಪ್ರೈಮರ್), ನೀರು ಹಾಕಿ 400–600ರ ಎಮ್ರಿ, ಎರಡು ಕೋಟ್ ಸಿಲ್ವರ್, ಎರಡು ಕೋಟ್ ಹಾರ್ಡನರ್ ಬೆರೆಸಿದ ಕ್ಲಿಯರ್. ಕೋಟ್ ನಡುವೆ 10–15 ನಿಮಿಷ ಬಿಡಬೇಕು. ಬಿಡದಿದ್ದರೆ ಒಳಗಿನ ಥಿನ್ನರ್ ಸಿಕ್ಕಿಬಿದ್ದು ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳೇಳುತ್ತವೆ.

ಅಂಗಡಿಯವರು ಕಡಿಮೆ ದರ ಹೇಳಿದರೆ ‘ಎನ್‌ಸಿಯೋ ಪಿಯುವೋ’ ಎಂದು ಕೇಳಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಬೇಗ ಒಣಗುತ್ತದೆ, ಬೇಗ ಹೊಳೆಯುತ್ತದೆ, ಥಿನ್ನರ್ ತಾಗಿದರೆ ಕರಗುತ್ತದೆ. ಕಲ್ಲು ಸಿಡಿಯುವ ವೀಲಿಗೆ ಅದು ನಾಲಾಯಕ್ಕು.

ಅಂಕ ಕಳೆದಿರುವುದು ಹವೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ತೆರೆದ ಶೆಡ್ಡಿನಲ್ಲಿ ಹೊಡೆದ ಕ್ಲಿಯರ್ ಹಾಲಿನಂತೆ ಬೆಳ್ಳಗಾಗುವುದು ಸಾಮಾನ್ಯ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ; ಹಾರ್ಡನರ್ ಕೂಡ ತೇವದೊಂದಿಗೆ ಪ್ರತಿಕ್ರಿಯಿಸಿ ಗುಳ್ಳೆ ಕಟ್ಟುತ್ತದೆ. ಮುಚ್ಚಿದ ಬೂತ್, ಕಂಪ್ರೆಸರಿನ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇಲ್ಲದ ಕಡೆ ಮಳೆಗಾಲದಲ್ಲಿ ವೀಲ್ ಕೊಡಬೇಡಿ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಪೌಡರ್ ಕೋಟಿಂಗ್: ವೀಲ್ ಗೊತ್ತಿದ್ದವರಿಗೆ 4, ಗೇಟಿನವರಿಗೆ 2

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ ವಿಚಾರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ: ದಿನಾ ವೀಲ್ ಮಾಡುತ್ತೀರೋ, ಗೇಟು–ಗ್ರಿಲ್ಲೋ? ಯಂತ್ರ ಒಂದೇ ಆದರೂ ಕೆಲಸ ಬೇರೆ. ಗೇಟಿಗೆ ಮರೆ ಹಾಕುವ ಅಭ್ಯಾಸವಿಲ್ಲ, ಆದ್ದರಿಂದ ನಟ್ ಗುಳಿಗೂ ಹಬ್ ಮುಖಕ್ಕೂ ಪೌಡರ್ ಹೋಗುತ್ತದೆ. ಒಳಾಂಗಣದ ಎಪಾಕ್ಸಿ ಬೆರೆತ ಪೌಡರ್ ಬಳಸಿದರೆ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ವೀಲಿಗೆ ಹೊರಾಂಗಣದ ಪಾಲಿಯೆಸ್ಟರ್, ಮೇಲೆ ಅಕ್ರಿಲಿಕ್ ಕ್ಲಿಯರ್ ಬೇಕು. ಕಬ್ಬಿಣಕ್ಕೆ ಬಳಸುವ ಒರಟು ಮರಳು ಹೊಡೆದರೆ ಅಲ್ಯೂಮಿನಿಯಂ ಮುಖ ತೂತುತೂತಾಗುತ್ತದೆ; ಸಣ್ಣ ಗಾಜಿನ ಮಣಿ ಅಥವಾ ನಯವಾದ ಅಲ್ಯೂಮಿನಿಯಂ ಆಕ್ಸೈಡ್ ಸರಿ.

ಇನ್ನೊಂದು ಒಳಗುಟ್ಟು, ಎರಕದ ಲೋಹದಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳು. ಒವನ್ನಿನಲ್ಲಿ ಪೌಡರ್ ಕರಗುವಾಗ ಅವುಗಳ ಗಾಳಿ, ಎಣ್ಣೆ, ತೇವ ಹೊರಬಂದು ಗುಳ್ಳೆ ಮಾಡುತ್ತವೆ. ಗೊತ್ತಿದ್ದವರು ಪೌಡರ್ ಹಾಕುವ ಮೊದಲು ಬರಿ ವೀಲನ್ನು ಒಮ್ಮೆ ಕಾಯಿಸಿ ಅದೆಲ್ಲ ಹೋಗಿಸುತ್ತಾರೆ. ಪುಟ್ಟಿ ಮೆತ್ತಿದ ವೀಲನ್ನು ಹಾಗೇ ಒವನ್ನಿಗೆ ಹಾಕಿದರೆ ಪುಟ್ಟಿ ಬಿರಿಯುತ್ತದೆ.

ಬಿಸಿಯ ಮಿತಿಯನ್ನೂ ಕೇಳಿ. ಹೆಚ್ಚಿನ ಅಲಾಯ್ ವೀಲುಗಳು ಎ356 ಎಂಬ ಮಿಶ್ರಲೋಹದವು. ಸಿಲಿಕಾನ್ ಸುಮಾರು 7%, ಸ್ವಲ್ಪ ಮೆಗ್ನೀಸಿಯಂ. ಅವುಗಳ ಗಟ್ಟಿತನ ಬಂದಿರುವುದು ಕಾರ್ಖಾನೆಯಲ್ಲಿ 150–170 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದಗೊಳಿಸಿದ್ದರಿಂದ. ಪೌಡರ್ ಒಣಗಿಸಲು 180–200 ಡಿಗ್ರಿಯಲ್ಲಿ 10ರಿಂದ 20 ನಿಮಿಷ ಬೇಕು. ಒಂದೆರಡು ಸಲಕ್ಕೆ ಹೆದರಬೇಕಿಲ್ಲ. ಬಣ್ಣ ಸರಿಬರಲಿಲ್ಲವೆಂದು ಮತ್ತೆ ಮತ್ತೆ ಬೇಯಿಸಿದರೆ, ಅಥವಾ ಒವನ್ನಿನ ಮೀಟರ್ ಕೆಟ್ಟು 200 ದಾಟಿದರೆ ಲೋಹ ಮೆತ್ತಗಾಗುತ್ತದೆ, ಹೊರಗೆ ಏನೂ ಕಾಣದು. ಟಯರ್ ಒತ್ತಡದ ಸೆನ್ಸರ್ ಇರುವ ಕಾರಾದರೆ ಅದನ್ನು ಬಿಚ್ಚಿ ನಿಮ್ಮ ಕೈಗೇ ಕೊಡಲು ಹೇಳಿ.

ಡೈಮಂಡ್ ಕಟ್: 5ಕ್ಕೆ 2.5, ಅದೂ ಚಂದಕ್ಕೆ

ಎರಡು ಬಣ್ಣದ ವೀಲಿನ ಮಿರುಗುವ ಮುಖ ಲೇತಿನಲ್ಲಿ ತೆಳುವಾಗಿ ಕೆತ್ತಿದ ಬರಿ ಅಲ್ಯೂಮಿನಿಯಂ. ಮೇಲೆ ಕ್ಲಿಯರ್ ಮಾತ್ರ. ಕೆತ್ತಿದ ಚೂಪು ಅಂಚಿನಲ್ಲಿ ಕ್ಲಿಯರ್ ತೆಳುವಾಗುತ್ತದೆ. ಒಂದು ಕಲ್ಲು ತಾಗಿ ಅದು ಬಿಟ್ಟರೆ ಉಪ್ಪು–ತೇವ ಒಳನುಗ್ಗಿ ಕ್ಲಿಯರಿನ ಅಡಿಯಲ್ಲಿ ಹುಳ ಹರಿದಂಥ ಬಿಳಿ ಗೆರೆಗಳು ಹಬ್ಬುತ್ತವೆ. ಮೇಲಿನಿಂದ ಪಾಲಿಶ್ ಮಾಡಿದರೆ ಹೋಗದು, ಮತ್ತೆ ಕೆತ್ತಬೇಕು. ಪ್ರತಿ ಕೆತ್ತನೆಗೂ ಲೋಹ ಕಡಿಮೆಯಾಗುವುದರಿಂದ ಎರಡು ಮೂರು ಸಲಕ್ಕಿಂತ ಹೆಚ್ಚು ಮಾಡುವಂತಿಲ್ಲ. ಹಳೆ ಕಾರಿನ ವೀಲ್ ಈಗಾಗಲೇ ಎಷ್ಟು ಸಲ ಲೇತ್ ಹತ್ತಿದೆ ಎಂದು ಹೇಳುವವರು ಯಾರು? ಮಲ್ಪೆ, ಪಣಂಬೂರು, ಉಳ್ಳಾಲದ ಹತ್ತಿರ ಕಾರು ನಿಲ್ಲಿಸುವವರು ಇದನ್ನು ಬಿಟ್ಟು ಇಡೀ ವೀಲಿಗೆ ಒಂದೇ ಬಣ್ಣ ಹೊಡೆಸುವುದೇ ವಾಸಿ. ಮಾಡಿಸಲೇಬೇಕೆಂದಿದ್ದರೆ ಲೇತ್ ಎಲ್ಲಿದೆ, ವೀಲನ್ನು ಹೊರಗೆ ಎಲ್ಲಿಗೆ ಕಳಿಸುತ್ತಾರೆ, ಬಿದ್ದು ಹೆಟ್ಟಿದರೆ ಹೊಣೆ ಯಾರದು ಎಂದು ಮುಂಚೆಯೇ ಬರೆಸಿಕೊಳ್ಳಿ.

ಬಾಗಿದ ವೀಲನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಬಡಿಯುವುದಕ್ಕೆ ಅಂಕವೇ ಇಲ್ಲ. ಸ್ಪೋಕ್ ಅಥವಾ ನಟ್ ಗುಳಿಯ ಹತ್ತಿರ ಬಿರುಕಿದ್ದು ಅದಕ್ಕೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದರೆ ಆ ವೀಲ್ ಓಡಿಸುವಂಥದ್ದೇ ಅಲ್ಲ. ಅನುಮಾನವಿದ್ದರೆ ಬಣ್ಣ ತೆಗೆಸಿ ಕೆಂಪು ದ್ರಾವಣದ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕಾಣದ ಬಿರುಕು ಬಿಳಿ ಪುಡಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ.

ಕೆಟ್ಟ ಕೆಲಸದ ಕಾರು ಈಗಾಗಲೇ ಮನೆಗೆ ಬಂದಿದ್ದರೆ ಮೊದಲು ಗಾಳಿ ನೋಡಿ. ಬೆಳಿಗ್ಗೆ ಓಡಿಸುವ ಮೊದಲು ಬಾಗಿಲಿನ ಚೀಟಿಯಲ್ಲಿರುವಷ್ಟು ಒತ್ತಡ ತುಂಬಿ. ವಾರಕ್ಕೆ 2–3 ಪಿಎಸ್‌ಐ ಇಳಿದರೆ ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಇಡೀ ವೀಲ್ ಮುಳುಗಿಸಿ. ಗುಳ್ಳೆ ರಿಮ್ ಅಂಚಿನಲ್ಲಿ ಬಂದರೆ ಟಯರ್ ಬಿಚ್ಚಿಸಿ ನೋಡಬೇಕು. ಬೀಡ್ ಕೂರುವಲ್ಲಿ ಬಣ್ಣದ ಗಡ್ಡೆ ಅಥವಾ ಅಲ್ಯೂಮಿನಿಯಂ ತುಕ್ಕಿನ ಬಿಳಿ ಪುಡಿ ಇರುತ್ತದೆ. ಸ್ಕಾಚ್‌ಬ್ರೈಟಿನಲ್ಲಿ ನುಣುಪಾಗಿ ಉಜ್ಜಿ, ಬೀಡ್ ಸೀಲರ್ ತೆಳುವಾಗಿ ಹಚ್ಚಿ, ರಬ್ಬರ್ ವಾಲ್ವ್ ಹೊಸದು ಹಾಕಿಸಿದರೆ ಹೆಚ್ಚಿನವು ನಿಲ್ಲುತ್ತವೆ. ಗ್ರೈಂಡರ್ ಹಿಡಿಯಲು ಬಿಡಬೇಡಿ.

ಹಬ್ ಮುಖದ ಬಣ್ಣಕ್ಕೆ ಪೇಂಟ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಸ್ಕಾಚ್‌ಬ್ರೈಟ್‌ನಿಂದ ಬರಿ ಲೋಹಕ್ಕೆ ತನ್ನಿ. ನಟ್ ಗುಳಿಗೂ ಅದೇ. ಕಾರಿಗೆ ಹೊರಗಿನ (ಕಾರು ಕಂಪನಿಯದಲ್ಲದ) ಅಲಾಯ್ ಹಾಕಿದ್ದರೆ ನಡುವಿನ ತೂತನ್ನೂ ಅಳೆಯಿರಿ: ಸ್ವಿಫ್ಟ್ ಹಬ್ 54.1 ಮಿ.ಮೀ., ಹೋಂಡಾ ಸಿಟಿ 56.1, ಪೋಲೊ 57.1. ವೀಲಿನ ತೂತು ದೊಡ್ಡದಿದ್ದರೆ ನಡುವೆ ಪ್ಲಾಸ್ಟಿಕ್ ರಿಂಗ್ ಬೇಕು. ಪೌಡರ್ ಕೋಟ್ ಆದ ಮೇಲೆ ರಿಂಗ್ ಕೂರಲಿಲ್ಲವೆಂದು ಎಸೆದುಬಿಡುವವರಿದ್ದಾರೆ. ಆಮೇಲೆ ಹೆದ್ದಾರಿ 66ರಲ್ಲಿ 80–100ರ ವೇಗಕ್ಕೆ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ನಿಲ್ಲದು. ನಟ್ ಆಕಾರವೂ ಹೊಂದಬೇಕು. ಹೋಂಡಾದ ಮೂಲ ವೀಲಿಗೆ ಗುಂಡು ತಳದ ನಟ್, ಹೊರಗಿನ ಅಲಾಯ್‌ಗಳಿಗೆ ಬಹುಪಾಲು 60 ಡಿಗ್ರಿಯ ಶಂಕು ತಳ. ಅದಲುಬದಲಾದರೆ ನಟ್ ಗೆರೆಯಷ್ಟೇ ತಾಗಿ ಕೂರುತ್ತದೆ.

ಬಿಗಿಯುವಾಗ ಏರ್ ಗನ್ನಿನಲ್ಲೇ ಮುಗಿಸಲು ಬಿಡಬೇಡಿ. ಕೈಯಲ್ಲಿ ಕೂರಿಸಿ, ನಕ್ಷತ್ರದ ಕ್ರಮದಲ್ಲಿ ಟಾರ್ಕ್ ರೆಂಚ್: ಸಿಟಿಗೆ 108 ನ್ಯೂಟನ್ ಮೀಟರ್, ಪೋಲೊಗೆ 120, ಉಳಿದವಕ್ಕೆ ಕಾರಿನ ಕೈಪಿಡಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಸಿಕ್ಕಿಸುವ ತೂಕ ಬೇಡ, ಹೊಸ ಬಣ್ಣವನ್ನು ಅದು ಮೊದಲ ದಿನವೇ ಕೊರೆಯುತ್ತದೆ; ಒಳಗೆ ಅಂಟಿಸುವುದು ಇರಲಿ. ನಮ್ಮ ಕಡೆ ಅಲ್ಯೂಮಿನಿಯಂ ವೀಲ್ ಉಕ್ಕಿನ ಹಬ್‌ಗೆ ಕಚ್ಚಿಕೊಂಡು ಬಿಡುವುದುಂಟು. ಹಬ್‌ನ ನಡುವಿನ ವರ್ತುಲಕ್ಕೆ ಆಂಟಿ ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಸವರಿ. ಬೋಲ್ಟ್ ಮತ್ತು ನಟ್‌ಗೆ ತಾಗಿಸಬೇಡಿ, ಜಾರಿ ಟಾರ್ಕ್ ಲೆಕ್ಕವೇ ತಪ್ಪುತ್ತದೆ.

ಕೆಲಸಕ್ಕೆ ಕೊಡುವಾಗ ಬಿಲ್ಲಿನಲ್ಲಿ ಟಯರ್ ಬಿಚ್ಚಿ ಹಾಕುವುದು, ಬಣ್ಣ ತೆಗೆಯುವುದು, ಕೋಟಿಂಗ್, ವಾಲ್ವ್, ಬ್ಯಾಲೆನ್ಸಿಂಗ್ ಬೇರೆ ಬೇರೆ ಸಾಲಿನಲ್ಲಿ ಇರಲಿ. ಪ್ರೈಮರ್ ಹೊಡೆಯುವ ಮೊದಲು ಬರಿ ವೀಲಿನ ಫೋಟೊ ವಾಟ್ಸಾಪಿಗೆ ಕಳಿಸಲು ಹೇಳಿ, ಮುಂದೆ ಹಿಂದೆ ಎರಡೂ. ಅದಕ್ಕೆ ಒಪ್ಪದ ಅಂಗಡಿಗೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ. ಹೊಸ ಬಣ್ಣದ ವೀಲಿಗೆ ಒಂದು ವಾರ ಪ್ರೆಶರ್ ವಾಶ್ ಬೇಡ. ಆಮೇಲೂ ಬ್ರೇಕ್ ಬಿಸಿಯಿದ್ದಾಗ ನೀರು ಹಾಕಬೇಡಿ, ವಾಟರ್ ಸರ್ವಿಸಿನವರ ಆ್ಯಸಿಡ್ ಕ್ಲೀನರ್ ಹತ್ತಿರವೂ ಬಿಡಬೇಡಿ. ಮರವಂತೆಯ ಕಡಲ ಬದಿಯಲ್ಲಿ ಓಡಿಸಿ ಬಂದ ದಿನ ಬರಿ ನೀರು ಸಾಕು, ಸ್ಪೋಕಿನ ಹಿಂದಕ್ಕೂ.

ಬಿರುಕು ಬಿಟ್ಟ ವೀಲನ್ನು ಗುಜರಿಗೆ ಕೊಡುವುದಾದರೆ ಒಂದು ಸ್ಪೋಕ್ ಕತ್ತರಿಸಿಯೇ ಕೊಡಿ. ತೂಕಕ್ಕೆ ಸಿಗುವ ದುಡ್ಡು ಅಷ್ಟೇ. ಇನ್ನೊಬ್ಬರ ಕಾರಿಗೆ ಬೆಳ್ಳಿ ಬಣ್ಣ ಬಳಿದುಕೊಂಡು ಅದು ಹತ್ತುವುದಿಲ್ಲ.