ಗ್ರಾಫ್ ಸೂಪರ್, ಆದ್ರೆ ಡಿಎನ್‌ಎಸ್ ಮಲಗಿದ್ರೆ ಇದೂ ಮಲಗುತ್ತೆ: ಒಂದು ನೆಟ್‌ವರ್ಕ್ ಮಾನಿಟರಿಂಗ್ ಸಾಫ್ಟ್‌ವೇರ್ ರಿವ್ಯೂ

ಒಂದೂವರೆ ವರ್ಷ ಬಳಸಿ ಬರೀತಿದೀನಿ, ಐದಕ್ಕೆ ಎರಡೂವರೆ ಸ್ಟಾರ್. ಡಿಎನ್‌ಎಸ್ ಅಂದ್ರೆ ಹೆಸರು ಕೊಟ್ರೆ ಐಪಿ (ಡಿವೈಸಿನ ನಂಬರ್ ವಿಳಾಸ), ಐಪಿ ಕೊಟ್ರೆ ಹೆಸರು ಹೇಳೋ ಸರ್ವರ್. ಕಂಪನಿ ಹೆಸರು ಹಾಕಲ್ಲ, ಹಾಕಿದ್ರೆ ಸೇಲ್ಸ್‌ನವ್ರು ಮತ್ತೆ ಫೋನ್ ಮಾಡಿ ಜೀವ ತಿಂತಾರೆ. ನಮ್ದು ಪೀಣ್ಯದಲ್ಲಿ ಫ್ಯಾಕ್ಟರಿ, ಬೊಮ್ಮಸಂದ್ರದಲ್ಲಿ ಇನ್ನೊಂದು ಯೂನಿಟ್, ದಾಬಸ್‌ಪೇಟೆಲಿ ಗೋಡೌನು, ಸ್ವಿಚ್ಚು ರೂಟರ್ರು ಆಕ್ಸೆಸ್ ಪಾಯಿಂಟು ಯುಪಿಎಸ್ಸು ಎಲ್ಲಾ ಸೇರಿ 180 ಡಿವೈಸು. ಐದು ನಿಮಿಷಕ್ಕೊಂದ್ಸಲ ಎಲ್ಲವನ್ನೂ ಎಸ್‌ಎನ್‌ಎಂಪಿಲಿ (ಡಿವೈಸ್‌ಗಳ ಸ್ಥಿತಿ ವಿಚಾರಿಸೋ ಪ್ರೋಟೋಕಾಲ್) ಕೇಳ್ಕೊಂಡು ಗ್ರಾಫ್ ಹಾಕ್ಬೇಕು, ಅಷ್ಟೇ ಕೆಲಸ.

ಮೊದಲ ಮೂರು ತಿಂಗಳು ಬೆಣ್ಣೆ ತರ ಹೋಯ್ತು. ಡ್ಯಾಶ್‌ಬೋರ್ಡ್ ನೋಡಿ ನಮ್ ಜಿಎಂ ಸಾರೇ ಖುಷಿಯಾಗಿ ಗೋಡೆಗೆ ಟಿವಿ ಹಾಕ್ಸಿದ್ರು. ಆಮೇಲೆ ಶುರುವಾಯ್ತು ನೋಡಿ, ಗ್ರಾಫ್‌ನಲ್ಲಿ ಹಲ್ಲು ಬಿದ್ದಂಗೆ ಗ್ಯಾಪು, ಡಿವೈಸ್ ಲಿಸ್ಟ್ ಓಪನ್ ಮಾಡಿದ್ರೆ ಚಕ್ರ ತಿರುಗ್ತಾನೇ ಇರುತ್ತೆ, ಬೊಮ್ಮಸಂದ್ರದ ಲಿಂಕ್ ಹೋಗಿ ವಾಪಸ್ ಬಂದ್ಮೇಲೆ ಲಿಂಕ್ ಹೋಯ್ತು ಅಂತ ಮೆಸೇಜು. ಸಪೋರ್ಟ್‌ಗೆ ಫೋನ್ ಮಾಡಿದ್ರೆ "ಸರ್ ರ‍್ಯಾಮ್ ಕಮ್ಮಿ ಇದೆ, 32 ಜಿಬಿ ಮಾಡಿ". ಎಸ್.ಪಿ. ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಹೋಗಿ ರ‍್ಯಾಮ್ ತಂದು ಹಾಕಿದ್ವಿ, ಕೂದಲಷ್ಟೂ ವ್ಯತ್ಯಾಸ ಇಲ್ಲ. ಸಿಪಿಯು ನೋಡಿದ್ರೆ ಆರು ಪರ್ಸೆಂಟು. ಸರ್ವರ್ ಕೆಲಸ ಮಾಡಿ ಸುಸ್ತಾಗಿಲ್ಲ, ಯಾರಿಗೋ ಕಾಯ್ತಾ ಕೂತಿದೆ ಅನ್ನೋದು ಆಗ್ಲೇ ಹೊಳೀಬೇಕಿತ್ತು, ನಮಗೆ ಹೊಳೀಲಿಲ್ಲ.

ಹೊಳೆದಿದ್ದು ನಮ್ ಟೀಮಿಗೆ ಹೊಸದಾಗಿ ಸೇರಿದ ಹುಡುಗಂಗೆ. ಆ ಸರ್ವರಿಂದ ಟ್ರೇಸ್‌ರೂಟ್ (ಡೇಟಾ ಯಾವ್ಯಾವ ರೂಟರ್ ದಾಟಿ ಹೋಗುತ್ತೆ ಅಂತ ತೋರಿಸೋ ಕಮಾಂಡ್) ಹಾಕ್ದಾಗ ಒಂದೊಂದು ಹಾಪ್‌ಗೂ, ಅಂದ್ರೆ ದಾಟೋ ಒಂದೊಂದು ರೂಟರಿಗೂ, ನಿಂತು ನಿಂತು ಬರ್ತಿತ್ತಂತೆ, ಮೈನಸ್ ಎನ್ (ಹೆಸರು ಹುಡುಕ್ಬೇಡ ಅನ್ನೋ ಆಪ್ಷನ್) ಹಾಕಿದ್ರೆ ಮಾತ್ರ ಸರ್ರಂತ ಬರುತ್ತೆ. "ಅಣ್ಣಾ, ಹೆಸರು ಹುಡುಕೋದ್ರಲ್ಲೇ ಟೈಮ್ ಹೋಗ್ತಿದೆ" ಅಂದ. ಡಿಎನ್‌ಎಸ್ ಪ್ರಶ್ನೆಗಳು ಹೋಗೋ ಪೋರ್ಟ್ 53ರ ಮೇಲೆ ಟಿಸಿಪಿಡಂಪ್ (ಹೋಗಿ ಬರೋ ಡೇಟಾ ತೋರಿಸೋ ಟೂಲ್) ಹಾಕಿ ಇಬ್ರೂ ಕೂತು ನೋಡಿದ್ವಿ. ಒಂದು ಐಪಿಗೆ ಹೆಸರೇನು ಅಂತ ಪ್ರಶ್ನೆ ಹೋಗುತ್ತೆ, ಉತ್ತರ ಇಲ್ಲ. ಒಂದು, ಎರಡು, ಮೂರು, ನಾಲ್ಕು, ಐದು ಸೆಕೆಂಡು. ಆಮೇಲೆ ಎರಡನೇ ಡಿಎನ್‌ಎಸ್‌ಗೆ ಅದೇ ಪ್ರಶ್ನೆ, ಅದು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ "ಆ ಹೆಸರು ನನ್ ಹತ್ರ ಇಲ್ಲ" ಅನ್ನುತ್ತೆ. ಮುಂದಿನ ಐಪಿ, ಮತ್ತೆ ಐದು ಸೆಕೆಂಡು.

ವಿಷಯ ಏನಂದ್ರೆ ಅದಕ್ಕೂ ಮೂರು ತಿಂಗಳ ಹಿಂದೆ ನಾವೇ ಹಳೇ ಡೊಮೇನ್ ಕಂಟ್ರೋಲರ್ (ಲಾಗಿನ್ ನೋಡ್ಕೊಳೋ ಸರ್ವರ್, ಡಿಎನ್‌ಎಸ್ಸೂ ಅದ್ರಲ್ಲೇ ಇತ್ತು) ಆಫ್ ಮಾಡಿದ್ವಿ, ಈ ಲಿನಕ್ಸ್ ಸರ್ವರ್‌ನ ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿ (ಯಾವ ಡಿಎನ್‌ಎಸ್ಸನ್ನ ಕೇಳ್ಬೇಕು ಅಂತ ಬರೆದಿರೋ ಫೈಲು) ಅದೇ ಮೊದಲನೇ ನೇಮ್‌ಸರ್ವರ್ ಆಗಿ ಕೂತಿತ್ತು. ಲಿನಕ್ಸ್‌ನಲ್ಲಿ ಡೀಫಾಲ್ಟ್ ಟೈಮ್‌ಔಟ್ 5 ಸೆಕೆಂಡು. ಈ ಸಾಫ್ಟ್‌ವೇರ್ ಮಹಾಶಯ ಪ್ರತಿ ರೌಂಡಲ್ಲೂ ಪ್ರತಿ ಡಿವೈಸಿಗೂ ಒಂದಾದ್ಮೇಲೆ ಒಂದು ರಿವರ್ಸ್ ಲುಕಪ್ (ಐಪಿ ಕೊಟ್ಟು ಹೆಸರು ಕೇಳೋದು) ಮಾಡಿ, ಅದು ಮುಗಿದ್ಮೇಲೇನೇ ಪೋಲಿಂಗ್‌ಗೆ, ಅಂದ್ರೆ ಡಿವೈಸ್ ವಿಚಾರಿಸೋಕೆ, ಹೋಗೋದು. 180 ಇಂಟು 5, ಅಂದ್ರೆ 900 ಸೆಕೆಂಡು, ಹದಿನೈದು ನಿಮಿಷ! ಐದು ನಿಮಿಷದ ರೌಂಡು ಎಲ್ಲಿಂದ ಮುಗಿಯುತ್ತೆ. ಒಂದ್ಸಲ ಕೇಳಿದ್ದನ್ನ ನೆನಪಿಟ್ಕೊಳಲ್ವಾ ಅಂತ ನಂಗೂ ಡೌಟ್ ಬಂತು, ಲಿನಕ್ಸ್‌ನ ಸಿ ಲೈಬ್ರರಿ ತಾನಾಗೇ ಕ್ಯಾಶ್ ಮಾಡಲ್ಲ, ಈ ಸಾಫ್ಟ್‌ವೇರೂ ಮಾಡಲ್ಲ, ಹಂಗಾಗಿ ಪ್ರತಿ ಸಲ ಹೊಸದಾಗಿ ಕೇಳೋದು.

ತಪ್ಪು ನಮ್ದೂ ಇದೆ, ಒಪ್ಕೋತೀನಿ. ಹಳೇ ಐಪಿ ತೆಗೆದ್ವಿ, 10ರಿಂದ ಶುರುವಾಗೋ ನಮ್ ಐಪಿಗಳಿಗೆ ರಿವರ್ಸ್ ಜೋನ್ ಮಾಡಿ, ಯಾವ ಐಪಿಗೆ ಯಾವ ಹೆಸರು ಅನ್ನೋ ಪಿಟಿಆರ್ ರೆಕಾರ್ಡ್ ತುಂಬಿದ್ವಿ (ಆ ಹುಡುಗ ಎರಡು ದಿನ ಎಕ್ಸೆಲ್ ನೋಡ್ಕೊಂಡು ಕೂತಿದ್ದ ಪಾಪ), ಅದೇ ಸರ್ವರ್‌ನಲ್ಲಿ ಅನ್‌ಬೌಂಡ್ ಅನ್ನೋ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕಿ ಲೋಕಲ್ ಕ್ಯಾಶ್ ಕೊಟ್ವಿ. ಈಗ ಒಂದು ರೌಂಡು ಒಂದು ನಿಮಿಷದೊಳಗೆ ಮುಗಿಯುತ್ತೆ. ಹೆಸರೇ ಬೇಡ ಅಂತ ಆ ಆಪ್ಷನ್ ಆಫ್ ಮಾಡ್ಬೋದಿತ್ತು, ಒಂದು ವಾರ ಮಾಡಿಯೂ ನೋಡಿದ್ವಿ, ಆದ್ರೆ ರಾತ್ರಿ ಎರಡು ಗಂಟೆಗೆ "10.20.3.14 ಡೌನ್" ಅಂತ ಬಂದ್ರೆ ನಿದ್ದೆಗಣ್ಣಲ್ಲಿ ಅದು ಪೇಂಟ್ ಶಾಪಾ ಕ್ಯಾಂಟೀನಾ ಅಂತ ಹೇಗೆ ಗೊತ್ತಾಗ್ಬೇಕು?

ಇಷ್ಟಕ್ಕೇ ಒಂದು ಸ್ಟಾರ್ ಕಟ್ ಮಾಡಿ ಬಿಟ್ಬಿಡ್ತಿದ್ದೆ. ಮಿಕ್ಕಿದ್ದು ಹೋದ ಮಳೆಗಾಲದ ಕಥೆ. ಒಂದು ಶನಿವಾರ ಕರೆಂಟ್ ಹೋಗಿ ಬಂದು ಡಿಎನ್‌ಎಸ್ ಎರಡೂ ಬಿತ್ತು. ಇಂಥ ಟೈಮಲ್ಲೇ ತಾನೇ ಮಾನಿಟರಿಂಗ್ ಬಾಯಿ ಬಿಡ್ಬೇಕು? ಇದು ಗಪ್‌ಚುಪ್. ಯಾಕಂದ್ರೆ ಇದ್ರ ಸೆಟ್ಟಿಂಗ್ಸ್‌ನಲ್ಲಿ ಮೇಲ್ ಸರ್ವರ್ ಜಾಗಕ್ಕೆ ಹೆಸರು ಮಾತ್ರ ತಗೊಳುತ್ತೆ, ಐಪಿ ಹಾಕಿದ್ರೆ ಎರರ್. ಆ ಹೆಸರಿನ ಐಪಿ ಗೊತ್ತಾಗ್ದೆ ಇಮೇಲ್‌ಗಳೆಲ್ಲಾ ಒಳಗೇ ಕೂತು, ಡಿಎನ್‌ಎಸ್ ಎದ್ಮೇಲೆ ಒಟ್ಟಿಗೆ ನಾನೂರು ಚಿಲ್ಲರೆ ಅಲರ್ಟು ನನ್ ಫೋನಿಗೆ ಸುರೀತು, ಎಲ್ಲಾ ಸರಿಹೋಗಿ ನಾನು ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಮನೆ ಕಡೆ ನಿಂತಿರುವಾಗ. ಈಗ ಮೇಲ್ ಸರ್ವರ್ ಹೆಸರು, ಐಪಿ ಎರಡನ್ನೂ ಹೋಸ್ಟ್ಸ್ ಫೈಲಲ್ಲೇ (ಡಿಎನ್‌ಎಸ್ ಕೇಳೋ ಮೊದ್ಲೇ ಸರ್ವರ್ ನೋಡೋ ಫೈಲು) ಬರೆದಿಟ್ಟಿದೀವಿ.

ಫ್ರೀಯಾಗಿ ಸಿಗೋ ಮಾನಿಟರಿಂಗ್ ಸಾಫ್ಟ್‌ವೇರ್ ನಾಗಿಯೋಸ್‌ನವ್ರು ಅಡ್ರೆಸ್ ಜಾಗದಲ್ಲಿ ಹೆಸರು ಹಾಕಿದ್ರೆ ಡಿಎನ್‌ಎಸ್ ಇಲ್ದಾಗ ತೊಂದ್ರೆ ಅಂತ ತಮ್ ಡಾಕ್ಯುಮೆಂಟಲ್ಲೇ ಎಚ್ಚರಿಸ್ತಾರೆ, ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಜ್ಯಾಬಿಕ್ಸ್ ಐಪಿಗೆ ಕನೆಕ್ಟ್ ಆಗ್ಲಾ ಡಿಎನ್‌ಎಸ್ ಹೆಸರಿಗಾ ಅಂತ ಕೇಳುತ್ತೆ. ದುಡ್ಡು ಕೊಟ್ಟು ತಗೊಂಡಿದ್ರಲ್ಲಿ ಇಷ್ಟೂ ಇಲ್ಲ ಅಂದ್ರೆ ಹೆಂಗೆ ಸ್ವಾಮಿ. ಹೆಸರನ್ನ ಹಿಂದೆ ಬೇರೆ ಥ್ರೆಡ್ಡಲ್ಲಿ ನಿಧಾನಕ್ಕೆ ಹುಡುಕ್ಲಿ, ಸಿಗೋವರೆಗೂ ಐಪಿ ತೋರಿಸ್ಲಿ, ಪೋಲಿಂಗ್ ಯಾಕೆ ನಿಲ್ಲಿಸ್ಬೇಕು? ಈ ಮಾತು ಟಿಕೆಟ್ ಹಾಕಿ ಹೇಳಿದೀನಿ, "ಮುಂದಿನ ವರ್ಷನ್‌ನಲ್ಲಿ ನೋಡ್ತೀವಿ ಸರ್" ಅಂತ ಬಂದಿದೆ.

ರಿನ್ಯೂವಲ್ ಮುಂದಿನ ತಿಂಗಳು. ಪಕ್ಕದ ಹಳೇ ಮಷೀನಲ್ಲಿ ಜ್ಯಾಬಿಕ್ಸ್ ಹಾಕಿ ದಾಬಸ್‌ಪೇಟೆ ಗೋಡೌನಿನ 22 ಡಿವೈಸ್ ಸೇರ್ಸಿದೀವಿ, ಎಸ್.ಪಿ. ರೋಡಿಂದ ತಂದ ರ‍್ಯಾಮನ್ನೂ ಬಿಚ್ಚಿ ಅದಕ್ಕೇ ಹಾಕಿದಾನೆ ಆ ಹುಡುಗ.