ರಥಬೀದಿಯ ಸೀರೆ ಅಂಗಡಿ ಮತ್ತು ಅವರದೇ ಆ್ಯಪ್: ಯಾರಿಗೆ ಯಾವುದು ಆಗುತ್ತದೆ?

ಅಂಗಡಿಯ ಹೆಸರು ಬೇಡ. ಮಂಗಳೂರಿನ ರಥಬೀದಿ ಕಡೆಯ ಹಳೇ ಸೀರೆ ಅಂಗಡಿ ಅಂದರೆ ಸಾಕು. ಈಗ ಅವರದ್ದೇ ಆ್ಯಪ್ ಕೂಡ ಉಂಟು. ಮಾಲು ಅದೇ, ರೇಟೂ ಹೆಚ್ಚುಕಮ್ಮಿ ಅದೇ. ಆದರೂ ನಮ್ಮ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು.

ಅತ್ತೆಗೆ ಅಂಗಡಿಯೇ ಆಗಬೇಕು. ಉಡುಪಿ ಸೀರೆ ತೆಗೆಯಲು ಹೋದರೆ ಅವರು ಮೊದಲು ಬಣ್ಣ ನೋಡುವವರಲ್ಲ. ಸೆರಗಿನ ಅಂಚನ್ನು ಎರಡು ಬೆರಳಿನ ನಡುವೆ ಉಜ್ಜುತ್ತಾರೆ, ಮಡಿಕೆ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ತಿರುಗಿಸಿ ಹಿಂಬದಿ ನೋಡುತ್ತಾರೆ. ಈ ಸೀರೆಗೆ 2016ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಆದರೆ ಅತ್ತೆ ನಂಬುವುದು ಬೆರಳನ್ನು ಮಾತ್ರ. ಇಂಥವರನ್ನು ಅಳೆಯಲಿಕ್ಕೂ ಒಂದು ಪ್ರಶ್ನಾವಳಿ ಉಂಟು ಮಾರಾಯ್ರೆ! ಜೋಆನ್ ಪೆಕ್, ಟೆರಿ ಚೈಲ್ಡರ್ಸ್ ಎಂಬ ಅಮೆರಿಕದ ಸಂಶೋಧಕರು 2003ರಲ್ಲಿ ಮಾಡಿದ್ದು, 12 ಪ್ರಶ್ನೆ. ಅವರ ಪ್ರಕಾರ ಕೆಲವರು ಮಾಲು ಹೇಗುಂಟು ಅಂತ ತಿಳಿಯಲು ಮುಟ್ಟುತ್ತಾರೆ, ಕೆಲವರು ಸುಮ್ನೆ ಮುಟ್ಟುವ ಖುಷಿಗೆ. ಅತ್ತೆಗೆ ಎರಡೂ ಜಾಸ್ತಿಯೇ.

ನನ್ನ ಕಷ್ಟ ಬೇರೆ. ನನಗೆ ಬೇಡ ಅನ್ನಲಿಕ್ಕೆ ಬರುವುದಿಲ್ಲ. "ನೋಡಿ ಅಕ್ಕಾ, ನೋಡಿದ್ದಕ್ಕೆ ದುಡ್ಡಿಲ್ಲ" ಅಂತ ಆ ಹುಡುಗ ಒಂದರ ಮೇಲೊಂದು ಬಿಡಿಸಿ ಗುಡ್ಡೆ ಹಾಕಿದ ಮೇಲೆ, ಅದನ್ನೆಲ್ಲ ಅವನೇ ಮತ್ತೆ ಮಡಚಬೇಕಲ್ಲ ಅಂತ ಪಾಪ ಅನಿಸಿ ಯಾವುದೋ ಒಂದನ್ನು ತೆಗೆದುಕೊಂಡೇ ಹೊರಗೆ ಬರುತ್ತೇನೆ. ಆ್ಯಪ್‌ನಲ್ಲಿ ಆ ಮುಲಾಜಿಲ್ಲ. ರಾತ್ರಿ ಮಲಗಿಕೊಂಡು ನೋಡಬಹುದು, ಕಾರ್ಟಿಗೆ ಹಾಕಿ ವಾರಗಟ್ಟಲೆ ಬಿಡಬಹುದು, ಯಾರೂ ಮುಖ ನೋಡುವುದಿಲ್ಲ. ಆದರೆ ನನ್ನ ತಂಗಿಯಂಥವರಿಗೆ ಆ್ಯಪ್ ಕೊಡಲೇಬಾರದು. ಇದಕ್ಕಿಂತ ಚಂದದ್ದು ಮುಂದೆ ಇರಬಹುದು ಅಂತ ತಳ್ಳುತ್ತಾ ತಳ್ಳುತ್ತಾ ಮದುವೆಯೇ ಮುಗಿದುಹೋಗಿರುತ್ತದೆ. ಗಂಡನಿಗೆ ಎರಡೂ ಒಂದೇ, ಮೊದಲು ಕಂಡ ಅಂಗಿ ಅಳತೆಗೆ ಸರಿಯಾದರೆ ಮುಗಿಯಿತು.

ಇನ್ನು ಆ್ಯಪ್‌ನ ದೂರು. ಫೋಟೋವನ್ನು ಜೋರು ಲೈಟಿನಲ್ಲಿ ತೆಗೆಯುತ್ತಾರೆ ಅಂತ ಕಾಣುತ್ತದೆ. ಫೋನಿನಲ್ಲಿ ಕುಂಕುಮ ಕೆಂಪು, ಪಾರ್ಸೆಲ್ ಬಿಚ್ಚಿದರೆ ಇಟ್ಟಿಗೆ ಬಣ್ಣ. ಅಂಚನ್ನು ಹತ್ತಿರದಿಂದ ತೋರಿಸುವ ಚಿತ್ರ ಒಂದೂ ಇಲ್ಲ. ಕೈಮಗ್ಗದ್ದೋ ಪವರ್‌ಲೂಮ್‌ದೋ ಅಂತ ಬರೆಯುವುದೂ ಇಲ್ಲ, ಬರೀ "ಕಾಟನ್ ಸೀರೆ". ಕೈಮಗ್ಗ ಅಂತ ದುಡ್ಡು ಕೊಡುವವರಿಗೆ ಅಷ್ಟಾದರೂ ಹೇಳಬೇಕು ಅಲ್ವಾ? ಒಂದು ಒಳ್ಳೇದೆಂದರೆ, ಆ್ಯಪ್‌ನಲ್ಲಿ ಕೊಂಡದ್ದನ್ನು ಅಂಗಡಿಯಲ್ಲಿ ತಕರಾರಿಲ್ಲದೆ ಬದಲಾಯಿಸಿ ಕೊಡುತ್ತಾರೆ.

ಅಂಗಡಿಗೆ ಐದರಲ್ಲಿ ನಾಲ್ಕು, ಆ್ಯಪ್‌ಗೆ ಎರಡೂವರೆ. ಅತ್ತೆಯಂಥವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಆಗ ಹುಡುಗರಿಗೂ ಪುರುಸೊತ್ತು ಇರುತ್ತದೆ. ಸಂಜೆಯಾದರೆ ಆ ಬೀದಿಯಲ್ಲಿ ಸ್ಕೂಟರ್ ಇಡಲಿಕ್ಕೂ ಜಾಗ ಸಿಗುವುದು ಕಷ್ಟ.