ಹೆಸರಿಲ್ಲದ ಕ್ಲೇ ಕಿಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಮನೆಯಲ್ಲೇ ಪುಟ್ಟ ಅಲಂಕಾರಿಕ ವಸ್ತುಗಳನ್ನು ಮಾಡುವ ಹವ್ಯಾಸವಿರುವವರು, ಅದರಲ್ಲೂ ಆನ್‌ಲೈನ್‌ನಲ್ಲಿ ಸಿಗುವ ಕ್ಲೇ ಕಿಟ್‌ಗಳನ್ನು ತರಿಸಿಕೊಳ್ಳಬೇಕೆಂದಿರುವವರು, ಹಣ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಒಳಗಿರುವುದು ಯಾವ ಬಗೆಯ ಮಣ್ಣು, ಅದನ್ನು ಎಷ್ಟು ಉಷ್ಣಾಂಶದಲ್ಲಿ ಕಾಯಿಸಬೇಕು ಎಂಬೆರಡನ್ನೂ ತಯಾರಕರೇ ಪೊಟ್ಟಣದ ಮೇಲೆ ಮುದ್ರಿಸಿರದಿದ್ದರೆ ಅಂಥದ್ದನ್ನು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಓವನ್ನಿನೊಳಗಂತೂ ಇಡಬೇಡಿ.

ನಾನು ತರಿಸಿದ ಕಿಟ್‌ನಲ್ಲಿ ಹಲವು ಬಣ್ಣಗಳ ಮಣ್ಣು, ಹೂವು, ಹಕ್ಕಿ, ಎಲೆಗಳ ಅಚ್ಚುಗಳು, ಅಂಗಿಯ ಗುಂಡಿಗಿಂತ ಚಿಕ್ಕದಾದ ಆಯಸ್ಕಾಂತಗಳು ಮತ್ತು ಒಂದು ಸಣ್ಣ ಶೀಶೆ ವಾರ್ನಿಷ್ ಇದ್ದವು. ಮಾರಾಟದ ವಿವರಣೆಯಲ್ಲಿ ‘ನೈಸರ್ಗಿಕ ಮಣ್ಣು, ವಿಷರಹಿತ, ಮಕ್ಕಳಿಗೂ ಸುರಕ್ಷಿತ’ ಎಂದು ಬರೆದಿತ್ತು. ಬಂದ ಮಣ್ಣಾದರೋ ಯಾರ ಹೆಸರೂ ಇಲ್ಲದ ಪಾರದರ್ಶಕ ಹಾಳೆಯಲ್ಲಿ ಸುತ್ತಿದ ಪಟ್ಟಿಗಳ ರೂಪದಲ್ಲಿತ್ತು; ದೊಡ್ಡ ಗಟ್ಟಿಯಿಂದ ಕೊಯ್ದು ಮರುಪ್ಯಾಕ್ ಮಾಡಿದ್ದೆಂಬುದು ಅಂಚುಗಳನ್ನು ನೋಡಿದರೇ ತಿಳಿಯುತ್ತಿತ್ತು. ಆಯಸ್ಕಾಂತವನ್ನು ಹಸಿ ಮಣ್ಣಿನ ಬೆನ್ನಿಗೆ ಒತ್ತಿ, ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ತಣಿದ ಮೇಲೆ ವಾರ್ನಿಷ್ ಬಳಿಯಿರಿ ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಆ ಒಂದು ವಾಕ್ಯದಲ್ಲಿ ಸರಿಯಾದ ಮಾತು ಬಹುಶಃ ‘ತಣಿದ ಮೇಲೆ’ ಎಂಬುದಷ್ಟೇ.

ಚೀಟಿಯಲ್ಲಿದ್ದಂತೆಯೇ ಮಾಡಿದೆ. ಓವನ್ನಿಗಿಟ್ಟ ಕೆಲವೇ ನಿಮಿಷಗಳಲ್ಲಿ ಗಾಜಿನ ಬಾಗಿಲಿನಾಚೆ ತಿಳಿಗುಲಾಬಿ ದಳಗಳ ಅಂಚು ಕಂದಿತು, ಆಮೇಲೆ ಕಪ್ಪಾಯಿತು, ಎಲೆಗಳ ಮೇಲೆ ಸಣ್ಣ ಗುಳ್ಳೆಗಳೆದ್ದವು. ಅಷ್ಟರಲ್ಲಿ ಅಡುಗೆಮನೆಯ ತುಂಬ ಕಟುವಾದ ವಾಸನೆ ಹರಡಿ, ಕಣ್ಣು ಚುಚ್ಚಿದಂತಾಗಿ ನೀರು ಸುರಿಯತೊಡಗಿತು. ಗಂಟಲ ಉರಿ ಮತ್ತು ಒಣಕೆಮ್ಮು ರಾತ್ರಿಯವರೆಗೂ ಬಿಡಲಿಲ್ಲ. ಇಂಥ ಸಂದರ್ಭ ಬಂದರೆ ಓವನ್ನನ್ನು ಆರಿಸಿ, ಅದರ ಬಾಗಿಲನ್ನು ಮುಚ್ಚಿದಂತೆಯೇ ಬಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಹೊಗೆ ಪೂರ್ತಿ ಹೋಗುವವರೆಗೆ ಮನೆಮಂದಿಯೆಲ್ಲ ಹೊರಗಿರುವುದು ಒಳ್ಳೆಯದು. ಸುಟ್ಟಿದ್ದನ್ನು ನೋಡಲೆಂದು ಬಿಸಿಯಾಗಿರುವಾಗಲೇ ಬಾಗಿಲು ತೆರೆದರೆ ಹೊಗೆ ನೇರವಾಗಿ ಮುಖಕ್ಕೇ ಬಡಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರನ್ನು ಕಾಣಲು ತಡಮಾಡಬಾರದು.

‘ನೈಸರ್ಗಿಕ ಮಣ್ಣು’ ಎಂದು ಮಾರಿದ್ದು ನಿಜಕ್ಕೂ ಪಾಲಿಮರ್ ಕ್ಲೇ. ಹೆಸರಿನಲ್ಲಿ ಕ್ಲೇ ಇದ್ದರೂ ಅದು ನೆಲದಿಂದ ತೆಗೆದ ಮಣ್ಣಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಪುಡಿಗೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವವನ್ನೂ ಬಣ್ಣವನ್ನೂ ಸೇರಿಸಿ ನಾದಿದ ವಸ್ತು. ಹದವಾದ ಶಾಖ ಸಿಕ್ಕಿದರೆ ಪಿವಿಸಿ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಇದಕ್ಕೆ ತಯಾರಕರು ಸಾಮಾನ್ಯವಾಗಿ ಸೂಚಿಸುವುದು 110ರಿಂದ 135 ಡಿಗ್ರಿಯೊಳಗಿನ ಶಾಖವನ್ನು, ಅದೂ ಒಂದೊಂದು ತಯಾರಿಕೆಗೆ ಒಂದೊಂದು. ಶಾಖ ಅದಕ್ಕಿಂತ ಬಹಳ ಮೇಲೇರಿದಾಗ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ಆ ಅನಿಲ ಕಣ್ಣು, ಮೂಗು, ಗಂಟಲುಗಳ ತೇವಕ್ಕೆ ತಾಗಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುವುದರಿಂದಲೇ ಆ ಉರಿ. ‘ವಿಷರಹಿತ’ ಎಂಬ ಮಾತನ್ನು ನಂಬಿ ನೆಮ್ಮದಿಯಿಂದಿರುವವರು ಒಂದು ವಿಷಯವನ್ನು ಗಮನಿಸಬೇಕು: ಪಾಲಿಮರ್ ಕ್ಲೇಗೆ ಆ ಮಾತು ಅನ್ವಯಿಸುವುದು ಹೇಳಿದ ಶಾಖದೊಳಗೆ, ಹೇಳಿದ ರೀತಿಯಲ್ಲಿ ಬಳಸಿದಾಗ ಮಾತ್ರ. ಹೇಳಿದ್ದೇ ತಪ್ಪಾಗಿದ್ದರೆ ಆ ಭರವಸೆಗೆ ಬೆಲೆಯಿಲ್ಲ.

ಹಾಗಾದರೆ 200 ಡಿಗ್ರಿ ಯಾವ ಮಣ್ಣಿನ ಲೆಕ್ಕ? ನನಗೆ ತಿಳಿದ ಮಟ್ಟಿಗೆ ಯಾವುದರದ್ದೂ ಅಲ್ಲ. ನಿಜವಾದ ಜೇಡಿಮಣ್ಣಿನ ಟೆರಾಕೋಟಾ ವಸ್ತುಗಳನ್ನು ಆವಿಗೆಯಲ್ಲಿ ಸಾಧಾರಣವಾಗಿ 900 ಡಿಗ್ರಿಯ ಆಚೀಚೆ ಅಥವಾ ಅದಕ್ಕೂ ಮೇಲೆ ಸುಡುತ್ತಾರೆ. ಅಡುಗೆಮನೆಯ ಓವನ್ ಅದರ ಹತ್ತಿರಕ್ಕೂ ಹೋಗಲಾರದು. ಅಲ್ಲಿಟ್ಟ ಜೇಡಿಮಣ್ಣು ಒಣಗುತ್ತದೆಯೇ ಹೊರತು ಬೇಯುವುದಿಲ್ಲ, ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಪೂರ್ತಿ ಆರದೆ ಇಟ್ಟರಂತೂ ಒಳಗಿನ ನೀರು ಆವಿಯಾಗಿ ವಸ್ತುವೇ ಸಿಡಿದು ಚೂರಾಗಬಹುದು. ಇನ್ನು ಗಾಳಿಗೆ ಒಣಗುವ ಮಣ್ಣಿಗೆ ಓವನ್ನೇ ಬೇಕಾಗಿಲ್ಲ, ಅವಸರದ ಶಾಖ ಕೊಟ್ಟರೆ ಬಿರುಕು ಬಿಡುತ್ತದೆ. ಈ ಮೂರರ ವ್ಯತ್ಯಾಸ ತಿಳಿಯದವರು ಬರೆದ ಚೀಟಿ ಅದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆಯಸ್ಕಾಂತದ ಮಾತು ಬೇರೆಯದೇ. ಕಿಟ್‌ನಲ್ಲಿದ್ದವು ನಿಯೋಡಿಮಿಯಮ್ ಬಿಲ್ಲೆಗಳು. ಸಾಮಾನ್ಯ ದರ್ಜೆಯ ಇಂಥ ಬಿಲ್ಲೆಗಳು ಸುಮಾರು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ. ಆದ್ದರಿಂದ ಅವನ್ನು ಮಣ್ಣಿನೊಳಗೆ ಹುದುಗಿಸಿ ಕಾಯಿಸುವುದೇ ತಪ್ಪು ಕ್ರಮ, ವಸ್ತು ತಣಿದ ಮೇಲೆ ಅಂಟಿನಿಂದ ಕೂಡಿಸಬೇಕು. ನನ್ನ ಸುಟ್ಟ ಹೂವುಗಳು ಆಮೇಲೆ ಒಂದು ಹಾಳೆಯನ್ನೂ ಹಿಡಿದು ನಿಲ್ಲಲಿಲ್ಲ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಈ ಬಿಲ್ಲೆಗಳಲ್ಲಿ ಎರಡನ್ನು ಮಗುವೊಂದು ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳನ್ನು ಹಿಸುಕಿ ತೂತು ಮಾಡಬಲ್ಲವು. ಅವು ಸಡಿಲವಾಗಿ ಬಿದ್ದಿರುವ ಪೆಟ್ಟಿಗೆಯನ್ನು ‘ಮಕ್ಕಳಿಗೂ ಸುರಕ್ಷಿತ’ ಎಂದು ಮಾರುವುದನ್ನು ಅಜಾಗರೂಕತೆ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ವಾರ್ನಿಷ್‌ನ ಕಥೆ ಚಿಕ್ಕದು: ಸುಡದೆ ಉಳಿದ ಒಂದು ಹಕ್ಕಿಗೆ ಬಳಿದೆ, ಅದು ಇಂದಿಗೂ ಬೆರಳಿಗೆ ಅಂಟುತ್ತದೆ, ಬೆನ್ನ ಮೇಲೆ ಧೂಳೂ ಕೂದಲೂ ಕೂತಿವೆ. ಕೆಲವು ದ್ರಾವಕಗಳು ಪಾಲಿಮರ್ ಕ್ಲೇಯನ್ನು ಮೆತ್ತಗಾಗಿಸುತ್ತವೆ. ಉಗುರಿನ ಬಣ್ಣದಿಂದಲೂ ಇದೇ ತೊಂದರೆಯಾಗುತ್ತದೆ.

ಕೈಯಲ್ಲಿರುವ ಮಣ್ಣು ಯಾವುದೆಂಬ ಅನುಮಾನವಿದ್ದರೆ ಒಂದು ಗೋಲಿಯಷ್ಟನ್ನು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಬಿಟ್ಟು ನೋಡಿ. ಪಾಲಿಮರ್ ಕ್ಲೇ ಬೆಳಿಗ್ಗೆಗೂ ಮೆತ್ತಗೇ ಇದ್ದು, ಕಾಗದದ ಮೇಲೆ ಅದರ ಸುತ್ತ ಎಣ್ಣೆಯ ಉಂಗುರ ಮೂಡಿರುತ್ತದೆ. ಗಾಳಿಗೆ ಒಣಗುವ ಮಣ್ಣಾದರೆ ಹೊರಮೈ ಗಟ್ಟಿಯಾಗಿರುತ್ತದೆ. ನನಗೆ ಬಂದದ್ದು ಪಾಲಿಮರ್ ಕ್ಲೇ ಎಂಬುದನ್ನು ಕಿಟ್‌ನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೂ ಸಾರುತ್ತಿತ್ತು: ಮಣ್ಣಿನಲ್ಲಿನ ಆ ಎಣ್ಣೆಯಂಥ ದ್ರವಕ್ಕೆ ಡಬ್ಬಿಯ ತಳ ಕರಗಿ ಮಸುಕಾಗಿ, ಒಂದು ಪಟ್ಟಿ ಅಲ್ಲೇ ಅಂಟಿಕೊಂಡಿತ್ತು. ಆದರೆ ಈ ಪರೀಕ್ಷೆಯಿಂದ ತಿಳಿಯುವುದು ಮಣ್ಣಿನ ಬಗೆ ಮಾತ್ರ. ಅದನ್ನು ಕಾಯಿಸಬೇಕಾದ ಉಷ್ಣಾಂಶವನ್ನು ಇದರಿಂದ ಊಹಿಸಲಾಗದು. ಮುದ್ರಿತ ಸೂಚನೆಯುಳ್ಳ ಒಳ್ಳೆಯ ಮಣ್ಣನ್ನು ತಂದರೂ ಓವನ್ನಿನ ಗುಂಡಿ ತೋರಿಸುವ ಅಂಕಿಯೊಂದನ್ನೇ ನಂಬಬೇಡಿ. ಚಿಕ್ಕ ಓವನ್‌ಗಳಲ್ಲಿ ಕಾಯಿಲ್‌ನ ಹತ್ತಿರ ಶಾಖ ಬಹಳ ಹೆಚ್ಚಿರುತ್ತದೆ, ಹಾಗಾಗಿ ಒಳಗಿಡುವ ಓವನ್ ಥರ್ಮಾಮೀಟರ್ ಒಂದಿರಲಿ.

ಮಾರಾಟಗಾರರಿಗೆ ಸುಟ್ಟ ವಸ್ತುಗಳ ಮತ್ತು ಚೀಟಿಯ ಚಿತ್ರಗಳನ್ನು ಕಳುಹಿಸಿ ದೂರು ಕೊಟ್ಟೆ. ‘ನಿಮ್ಮ ಓವನ್ ಸರಿಯಿಲ್ಲ’ ಎಂಬ ಉತ್ತರ ಬಂತು. ತಯಾರಕರು ಯಾರೆಂಬ ಪ್ರಶ್ನೆಗೆ ಉತ್ತರವೇ ಬರಲಿಲ್ಲ, ಹಣವೂ ಮರಳಲಿಲ್ಲ. ಮಾರಾಟದ ಪುಟದಲ್ಲಿ ಆ 200 ಡಿಗ್ರಿಯ ಸೂಚನೆ ಈಗಲೂ ಹಾಗೆಯೇ ಇದೆ. ಅಂಥ ಕಿಟ್ ನಿಮ್ಮಲ್ಲಿದ್ದರೆ ಉಳಿದ ಮಣ್ಣನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಕಸದೊಡನೆ ಅದನ್ನು ಸುಡಲು ಮಾತ್ರ ಹೋಗಬೇಡಿ, ಅಲ್ಲಿ ಏಳುವುದೂ ಅದೇ ಹೊಗೆ.